ಬೆನ್ನಿಗೆ ಕಟ್ಟಿದ ಪಟ್ಟಿ

ಕಪಿಲೆಯ ದಡದ ಒಂದು ಆಶ್ರಮದಲ್ಲಿ ನಿರಂಜನಯ್ಯ ಎಂಬ ಗುರುಗಳಿದ್ದರು. ಅವರ ಕಾಲುಗಳು ಸ್ವಾಧೀನ ತಪ್ಪಿ ಬಹಳ ವರ್ಷಗಳಾಗಿದ್ದವು. ದಿನವೂ ಬೆಳಗ್ಗೆ ಅವರನ್ನು ಬೆನ್ನ ಮೇಲೆ ಹೊತ್ತು ಹೊಳೆಗೆ ಇಳಿಸುತ್ತಿದ್ದವನು ಶಿಷ್ಯ ಮರಿಮಲ್ಲ.

ಒಂದು ದಿನ ಮರಿಮಲ್ಲನ ನಡುವೇ ಕೈಕೊಟ್ಟಿತು. ಊರಿನ ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಬುಡಕ್ಕೆ ಆಪರೇಷನ್ ಆಯಿತು. ಎದೆಯ ಕೆಳಗಿನಿಂದ ಸೊಂಟದವರೆಗೆ ಗಟ್ಟಿಯಾದ ಬೆಲ್ಟ್ ಬಿಗಿದು ಕಳಿಸಿದರು. ಬಗ್ಗಬೇಡ, ಭಾರ ಎತ್ತಬೇಡ, ಬೆಲ್ಟ್ ಇಲ್ಲದೆ ಏಳಬೇಡ ಎಂದರು ಡಾಕ್ಟರು.

ಗುರುಗಳನ್ನು ಹೊರುವ ಕೆಲಸ ಕಿರಿಯ ಶಿಷ್ಯ ಸೋಮಣ್ಣನಿಗೆ ಬಂತು. ಮರಿಮಲ್ಲನ ಆರೈಕೆಯೂ ಅವನದೇ.

ಬೆಳಗಾದರೆ ಸೋಮಣ್ಣ ಬಂದು ಮರಿಮಲ್ಲನನ್ನು ಮರದ ದಿಮ್ಮಿಯಂತೆ ಹೊರಳಿಸಿ ಬೆಲ್ಟಿನ ಪಟ್ಟಿ ಬಿಗಿಯುತ್ತಿದ್ದ. ಪಂಚೆ ಉಡಿಸುತ್ತಿದ್ದ. ಬೆಲ್ಟಿನೊಳಗೆ ಬೆವರು, ನವೆ. ಕೂತರೆ ನೋವು, ನಿಂತರೆ ನೋವು, ಮಲಗಿ ಮಲಗಿ ಮೈಯೆಲ್ಲ ಜಡ.

"ಉಸಿರು ಕಟ್ತಿದೆ, ಸಡಿಲ ಮಾಡೋ," ಎಂದು ರೇಗುತ್ತಿದ್ದ ಮರಿಮಲ್ಲ. ಸಡಿಲ ಮಾಡಿದರೆ, "ನಿನಗೆ ಕಟ್ಟೋಕೂ ಬರಲ್ಲ," ಎನ್ನುತ್ತಿದ್ದ.

ಸೋಮಣ್ಣ ಮತ್ತೆ ಬಿಗಿಯುತ್ತಿದ್ದ.

ಒಂದು ಬೆಳಗ್ಗೆ ಸೋಮಣ್ಣ ನೀರು ತರಲು ಹೋಗಿದ್ದಾಗ ಮರಿಮಲ್ಲ ಬೆಲ್ಟನ್ನು ಕಿತ್ತು ಮೂಲೆಗೆಸೆದ. ಗೋಡೆ ಹಿಡಿದು ಗುರುಗಳ ಕೋಣೆಗೆ ನಡೆದ. ಅವರ ಚಾಪೆಯ ಮುಂದೆ ಬೆನ್ನು ತಿರುಗಿಸಿ ಮಂಡಿಯೂರಿದ.

"ಹತ್ತಿ ಬುದ್ಧಿ. ಹೊಳೆಗೆ ಹೋಗೋಣ."

ಗುರುಗಳು ಅಲುಗಲಿಲ್ಲ.

"ಬೆಲ್ಟ್ ಎಲ್ಲಿ, ಮಲ್ಲ?"

"ಬೇಡ ಬುದ್ಧಿ. ಸಾಕಾಗಿದೆ. ಬದುಕಿದ್ದೂ ಹೆಣದ ಥರ ಬಿದ್ದಿರೋಕೆ ನನ್ನಿಂದ ಆಗಲ್ಲ."

"ಹಾಗಾದರೆ ಏಳು."

ಮರಿಮಲ್ಲ ಏಳಲು ನೋಡಿದ. ನಡುವಿನಿಂದ ಹಿಮ್ಮಡಿಯವರೆಗೆ ಬೆಂಕಿ ಹರಿದಂತಾಯಿತು. ಎರಡೂ ಕೈ ನೆಲಕ್ಕೂರಿ ಅಲ್ಲೇ ಉಳಿದ. ಕಣ್ಣಲ್ಲಿ ನೀರು ತುಂಬಿತು.

ಹಿಂದೆ ಏನೋ ಸರಿದ ಸದ್ದು. ಗುರುಗಳು ಅಂಗೈ ಊರಿ, ಸತ್ತ ಕಾಲುಗಳನ್ನು ಎಳೆದುಕೊಂಡು ಬಾಗಿಲು ದಾಟುತ್ತಿದ್ದರು.

"ಬುದ್ಧಿ, ಬೇಡ! ಸೋಮಣ್ಣ ಬರಲಿ!"

ಅವರು ನಿಲ್ಲಲಿಲ್ಲ. ತುಂಬ ಹೊತ್ತಿನ ಮೇಲೆ ಬೆಲ್ಟನ್ನು ಕೊರಳಿಗೆ ಹಾಕಿಕೊಂಡು ವಾಪಸು ಬಂದರು. ಏದುಸಿರು ಬಿಡುತ್ತಿದ್ದರು. ಶಿಷ್ಯನನ್ನು ಮೆಲ್ಲನೆ ಚಾಪೆಗೆ ಒರಗಿಸಿ, ಒಂದೊಂದೇ ಪಟ್ಟಿ ಎಳೆದು ಕಟ್ಟತೊಡಗಿದರು.

ಮರಿಮಲ್ಲ ಮುಖ ಆ ಕಡೆ ಹೊರಳಿಸಿದ.

"ನಿಮ್ಮನ್ನ ಹೊತ್ತುಕೊಂಡು ಹೊಳೆಯ ಮೆಟ್ಟಿಲು ಹತ್ತುವಾಗ ನನಗೆ ಯಾವತ್ತೂ ಆಯಾಸ ಆಗಿಲ್ಲ ಬುದ್ಧಿ. ಈಗ ಏನೂ ಮಾಡಲ್ಲ. ಆದರೂ ಎಷ್ಟು ಸುಸ್ತು ಅಂದ್ರೆ, ಸೋಮಣ್ಣನ ಹೆಜ್ಜೆ ಸದ್ದು ಕೇಳಿದರೇ ಸುಸ್ತಾಗುತ್ತೆ. ಅವನು ಒಳ್ಳೆಯವನು. ಅದಕ್ಕೇ ಇನ್ನೂ ಕಷ್ಟ."

ಗುರುಗಳು ಪಟ್ಟಿಯೊಳಗೆ ಬೆರಳು ತೂರಿಸಿ ಬಿಗಿ ನೋಡಿದರು.

"ಗೊತ್ತು," ಎಂದರು.

ಆ ಒಂದು ಮಾತಿಗೆ ಮರಿಮಲ್ಲ ತಿರುಗಿ ಅವರ ಮುಖ ನೋಡಿದ. ಅಷ್ಟು ವರ್ಷ ಅವರನ್ನು ಹೊತ್ತಿದ್ದ. ಹೊರುವಾಗ ಅವರ ಮುಖ ಅವನಿಗೆ ಕಾಣುತ್ತಿರಲಿಲ್ಲ.

"ನನ್ನ ಬೆನ್ನ ಮೇಲೆ ಕೂತಾಗ ನಿಮಗೂ ಹೀಗೇ ಅನ್ನಿಸ್ತಿತ್ತಾ?"

"ದಿನಾ."

"ಒಂದು ಸಲವೂ ಹೇಳಲಿಲ್ಲವಲ್ಲ ಬುದ್ಧಿ!"

ಅಂಗಳದಲ್ಲಿ ಕೊಡ ಇಳಿಸಿದ ಸದ್ದಾಯಿತು. ಸೋಮಣ್ಣ ಕಾಲು ತೊಳೆದುಕೊಳ್ಳುತ್ತಿದ್ದ.

ಗುರುಗಳು ಕೊನೆಯ ಪಟ್ಟಿ ಕಟ್ಟಿ, ಶಿಷ್ಯನ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದರು.

"ನೀನೂ ಅವನಿಗೆ ಹೇಳಬೇಡ. ಪಾಪ, ಈಗಷ್ಟೇ ಹೊರೋಕೆ ಕಲೀತಿದ್ದಾನೆ."