ಬಂಡೆಯೊಳಗೆ ನಿಂಬೆವ್ವನ ಒರಳು

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಹೊಳೆಗೆ ಎತ್ತ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಊರು, ಕೇರಿ, ಗಡಿ ಒಂದೂ ಇರಲಿಲ್ಲ. ಇದ್ದದ್ದು ಒಂದೇ ಕಟ್ಟಳೆ: ಯಾರ ಗುರುತು ಎಲ್ಲಿದೆಯೋ ಅವರು ಅಲ್ಲಿರಬಹುದು. ಗುರುತು ಅಳಿಸಿತೋ, ಗಂಟುಮೂಟೆ ಕಟ್ಟಬೇಕು.

ಹಾಗಾಗಿ ಕೆಂಗುಡ್ಡದ ಮೇಲೆ ಚಿರತೆ ಬಂಡೆ ಪರಚಿತು. ಗೆದ್ದಲು ಹುತ್ತ ಕಟ್ಟಿತು. ಮನುಷ್ಯರು ಕಲ್ಲು ನೆಟ್ಟು ಅದರಲ್ಲಿ ಸೂರ್ಯ ಚಂದ್ರರನ್ನು ಕೆತ್ತಿದರು.

ಕೆಂಗುಡ್ಡಕ್ಕೋ ಬಲು ಸೊಕ್ಕು. ತನ್ನ ನುಣುಪು ಮೈಮೇಲೆ ಕಂಡಕಂಡವರ ಗೀಚು ಯಾಕೆಂದು ಅದು ಗಾಳಿಯನ್ನು ಕರೆದು ಎಲ್ಲವನ್ನೂ ಒರೆಸಲು ಹೇಳಿತು. ಗಾಳಿ ಮರಳು ತಂದು ಗಸಗಸ ತಿಕ್ಕಿತು. ಚಿರತೆ ಹೋಯಿತು, ಗೆದ್ದಲು ಹೋಯಿತು, ಮನುಷ್ಯರೂ ತಲೆ ತಗ್ಗಿಸಿ ಗುಡ್ಡ ಇಳಿದರು.

ನಿಂಬೆವ್ವ ಮಾತ್ರ ಇಳಿಯಲಿಲ್ಲ.

ಅವಳು ಹಾಸುಬಂಡೆಯ ಮೇಲಿನ ಗುಡಿಸಲಲ್ಲಿ ಒಬ್ಬಳೇ ಇದ್ದ ಮುದುಕಿ. ಒಬ್ಬಳೇ ಮಗಳು ಸತ್ಯವ್ವನನ್ನು ದೂರದ ಕೆಳದಂಡೆಗೆ ಕೊಟ್ಟಿದ್ದಳು. ವರ್ಷಕ್ಕೊಮ್ಮೆ, ಶ್ರಾವಣದಲ್ಲಿ, ಮಗಳು ತವರಿಗೆ ಬರುತ್ತಿದ್ದಳು.

“ನಾ ಎದ್ದು ಹೋದ್ರ ನನ್ನ ಮಗಳಿಗೆ ತವರು ಎಲ್ಲೈತಿ?” ಎಂದು ನಿಂಬೆವ್ವ ಗುಡ್ಡವನ್ನೇ ಕೇಳಿದಳು. ಗುಡ್ಡ ಆಕಳಿಸಿತು.

ನಿಂಬೆವ್ವ ಸುಣ್ಣದಲ್ಲಿ ಗೆರೆ ಎಳೆದಳು. ಗಾಳಿ ಒರೆಸಿತು. ಕಲ್ಲು ಗುಡ್ಡೆ ಹಾಕಿದಳು. ಗಾಳಿ ಉರುಳಿಸಿತು. ಬೆರಳು ಒಡೆದುಕೊಂಡು ಬಂಡೆಯ ಮೇಲೆ ಮಗಳ ಹೆಜ್ಜೆ ಕೆತ್ತಿದಳು. ಎಂಟು ದಿನ ತಿಕ್ಕಿ ಗಾಳಿ ಅದನ್ನೂ ಅಳಿಸಿತು. ಆ ದಿನ ಅವಳಿಗೆ ಅಳು ಬಂತು, ಹಸಿವೂ ಆಗಿತ್ತು. ಅತ್ತರೆ ಹೊಟ್ಟೆ ತುಂಬುತ್ತದೆಯೇ? ಅವಳು ಬಂಡೆಯ ಒಂದು ಸಣ್ಣ ತಗ್ಗಿನಲ್ಲಿ ಅಗಸಿ ಬೀಜ, ಉಪ್ಪು ಹಾಕಿ ಗುಂಡುಕಲ್ಲಿನಿಂದ ಚಟ್ನಿ ಅರೆಯಲು ಕೂತಳು. ದಿನವೂ ಅಲ್ಲೇ ಅರೆದೂ ಅರೆದೂ ಆ ತಗ್ಗು ಒರಳಿನಂತಾಯಿತು.

ಗಾಳಿ ಅದನ್ನೂ ಒರೆಸಲು ಬಂತು. ಮರಳು ತಗ್ಗಿನೊಳಗೆ ಸುತ್ತಿತು, ಸುತ್ತಿತು, ತಗ್ಗು ಇನ್ನಷ್ಟು ಆಳವಾಯಿತು. ಗಾಳಿ ಸಿಟ್ಟಿನಿಂದ ಜೋರಾಗಿ ತಿಕ್ಕಿತು. ತಗ್ಗು ಮತ್ತಷ್ಟು ಆಳವಾಯಿತು.

ನಿಂಬೆವ್ವನಿಗೆ ನಗು ತಡೆಯಲಾಗಲಿಲ್ಲ. “ಒರಸಪಾ, ಒರಸು. ನೀ ಒರಸಿದಷ್ಟೂ ನಮ್ಮನಿ ಒಳ್ಳು ಆಳ ಆಗತೈತಿ.”

ಗಾಳಿಗೆ ನಾಚಿಕೆಯಾಯಿತು. ನನ್ನ ಕೈಲಿ ಆಗುವುದಿಲ್ಲ, ಈ ಮುದುಕಿಯ ಗುರುತು ನಿನ್ನ ಮೈಮೇಲಿಲ್ಲ, ಮೈಯೊಳಗಿದೆ ಎಂದು ಗುಡ್ಡಕ್ಕೆ ಹೇಳಿ ಹೊರಟೇ ಹೋಯಿತು.

ಗುಡ್ಡ ಆಗ ಮೆಲ್ಲಗೆ ಮಾತಾಡಿತು. “ನಿನಗ ವಯಸ್ಸಾಗೈತಿ, ಮುದುಕಿ. ನನಗ ಅವಸರಿಲ್ಲ. ನಿನ್ನ ಕೈ ನಿಂತ ದಿನ ಇದನ್ನ ಮಣ್ಣು ಹಾಕಿ ಮುಚ್ಚತೀನಿ.”

ಮಾತು ಸುಳ್ಳಲ್ಲ. ನಿಂಬೆವ್ವ ಮೊಣಕಾಲು ಹಿಡಿದುಕೊಂಡು ಎದ್ದು ಗುಡ್ಡದ ಬುಡಕ್ಕೆ ಹೋದಳು. ಅಲ್ಲಿ ಹೊಳೆಯಿತ್ತು. ಅದಕ್ಕೂ ಗುಡ್ಡ, ನನ್ನ ಮೇಲೆ ಕಾಲಿಡಬೇಡ, ಸುತ್ತಿ ಹೋಗು ಎಂದು ಅಪ್ಪಣೆ ಮಾಡಿತ್ತು. ಪಾಪ, ಅದು ಹುಟ್ಟಿದಂದಿನಿಂದ ಸುತ್ತಿಯೇ ಹೋಗುತ್ತಿತ್ತು.

“ಎಷ್ಟು ದಿನ ಸುತ್ತತೀ ಮಗಳ?” ಎಂದಳು ನಿಂಬೆವ್ವ. “ನನ್ನ ಗುಂಡುಕಲ್ಲು ನಿನಗ ಕೊಡ್ತೀನಿ. ನನ್ನ ಕೈ ನಿಂತ ಮ್ಯಾಲ ನೀ ತಿರುವು.”

ಇಷ್ಟು ದಿನ ಯಾರೂ ಹೊಳೆಯನ್ನು ಮಗಳೇ ಎಂದು ಕರೆದಿರಲಿಲ್ಲ. ಅದು ಹಿಂದೆ ಸರಿದು ನೀರು ಕೂಡಿಸತೊಡಗಿತು.

ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ನಿಂಬೆವ್ವ ತೀರಿಹೋದಳು. ಗುಡ್ಡ ಒರಳಿಗೆ ಮಣ್ಣು ಸುರಿಯಿತು. ಆಗ ಹೊಳೆ ಬಂತು ನೋಡಿ, ಸುತ್ತಿ ಅಲ್ಲ, ನೆಟ್ಟಗೆ ನೆತ್ತಿಯ ಮೇಲೆ. ಇಳಿ ಎಂದು ಗುಡ್ಡ ಅಬ್ಬರಿಸಿತು. ಹೊಳೆ ಒರಳಿನ ಮಣ್ಣನ್ನೆಲ್ಲ ಬಳಿದು ಎಸೆದು ಗುಂಡುಕಲ್ಲು ಹಿಡಿದು ಗರಗರ ತಿರುವಿತು. ಒಂದು ಸಾಲದೆಂದು ಪಕ್ಕದಲ್ಲಿ ಇನ್ನೊಂದು ಕೊರೆಯಿತು, ಮತ್ತೊಂದು ಕೊರೆಯಿತು. ಆಮೇಲೆ ಗುಡ್ಡದ ಅಂಚಿನಿಂದ ಕೇಕೆ ಹಾಕುತ್ತ ಧುಮುಕಿತು. ಬಿದ್ದ ರಭಸಕ್ಕೆ ಕೆಳಗೆ ಗುಡ್ಡವೇ ಸೀಳಿ ಆಳವಾದ ಕಣಿವೆಯಾಯಿತು.

ಶ್ರಾವಣದಲ್ಲಿ ಸತ್ಯವ್ವ ಬಂದಳು. ಗುಡಿಸಲಿರಲಿಲ್ಲ, ಅವ್ವನೂ ಇರಲಿಲ್ಲ. ನಿನ್ನದೆನ್ನುವುದು ಇಲ್ಲೇನೂ ಉಳಿದಿಲ್ಲ, ಹಿಂದಿರುಗಿ ಹೋಗು ಎಂದಿತು ಗುಡ್ಡ. ಸತ್ಯವ್ವ ಕಣ್ಣೊರೆಸಿಕೊಂಡು ಕಿವಿಗೊಟ್ಟಳು. ನೀರಿನಡಿಯಲ್ಲಿ ಒರಳು ತಿರುಗುತ್ತಿತ್ತು.

“ಮನ್ಯಾಗ ಚಟ್ನಿ ಅರಿಯಾಕ ಹತ್ಯಾರ,” ಎಂದಳು. “ಉಂಡು ಹೋಗ್ತೀನಿ.” ಬುತ್ತಿ ಬಿಚ್ಚಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

ಅದಕ್ಕೇ ನೋಡಿ ಮಕ್ಕಳೇ, ಇವತ್ತಿಗೂ ಜಲಪಾತದ ನೆತ್ತಿಯ ಬಂಡೆಯಲ್ಲಿ ಒರಳಿನಂಥ ದುಂಡು ಕುಳಿಗಳಿವೆ, ಕುಳಿಗಳ ತಳದಲ್ಲಿ ಗುಂಡುಕಲ್ಲುಗಳಿವೆ. ಹೊಳೆ ತುಂಬಿ ಬಂದಾಗಲೆಲ್ಲ ಅವು ಗರಗರ ತಿರುಗುತ್ತವೆ, ಅಷ್ಟು ದೊಡ್ಡ ಗುಡ್ಡಕ್ಕೆ ಅವುಗಳಲ್ಲಿ ಒಂದನ್ನೂ ಅಳಿಸಲು ಆಗಿಲ್ಲ.