ತೆಂಗಿನ ಗರಿಬುಡಕ್ಕೆ ಬಲೆ ಬಂದದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಗಾಳಿಗೂ ಬಾಯಿತ್ತು, ಮರಕ್ಕೂ ಬಾಯಿತ್ತು. ತೆಂಗಿನ ಗರಿಗಳ ಬುಡ ಮಾತ್ರ ಬೋಳಾಗಿತ್ತು.

ಆಗ ಆ ದಂಡೆಯಲ್ಲಿದ್ದದ್ದು ಒಂದೇ ಹಾಯಿದೋಣಿ, ಉಪ್ಪಿನ ವ್ಯಾಪಾರಿ ಕೊಗ್ಗನದು. ದೋಣಿಯ ಹೊಟ್ಟೆ ತುಂಬ ಉಪ್ಪು. ನೀರು ನುಗ್ಗಿತೋ, ಉಪ್ಪೂ ಇಲ್ಲ, ದೋಣಿಯೂ ಇಲ್ಲ.

ಒಂದು ಮಧ್ಯಾಹ್ನ ಪಡುವಣ ಗಾಳಿ ಎದ್ದಿತು. ಕೊಗ್ಗ ದೋಣಿಯನ್ನು ದಂಡೆಯ ತೆಂಗಿನ ಮರಕ್ಕೆ ಬಳ್ಳಿಹಗ್ಗದಿಂದ ಕಟ್ಟಿದ. ಅಲೆ ಏರಿತು, ಹಗ್ಗ ದೋಣಿಯ ಅಂಚನ್ನು ಉಜ್ಜಿತು. ಅಲೆ ಇಳಿಯಿತು, ಹಗ್ಗ ಮತ್ತೆ ಉಜ್ಜಿತು. ಕರ್... ಕರ್...

"ಸ್ವಲ್ಪ ನಿಲ್ಲು ಮಾರಾಯ," ಎಂದ ಕೊಗ್ಗ ಗಾಳಿಗೆ.

"ನಿನ್ನ ಹಾಯಿಗೆ ಬೇಕಾದಾಗ ಬಾ ಬಾ ಅಂತ ಕರೀತಿ, ಈಗ ನಿಲ್ಲಬೇಕಾ?" ಎಂದು ಗಾಳಿ ಇನ್ನೂ ಜೋರಾಗಿ ಬೀಸಿತು.

ದೋಣಿ ಅಲುಗದಿದ್ದರೆ ಅಂಚು ಸವೆಯದೆಂದು ಕೊಗ್ಗ ಹಗ್ಗವನ್ನು ಎಳೆದು ಬಿಗಿದ. ಬಿಗಿದ ಹಗ್ಗ ಗರಗಸವಾಯಿತು. ಅಂಚಿನಲ್ಲಿ ಒಂದು ಬೆರಳಿನಷ್ಟಿದ್ದ ಗಾಯ ಎರಡು ಬೆರಳಾಯಿತು.

"ದೋಣಿ ಕಟ್ಟೂದಾ, ಕೊಯ್ಯೂದಾ ನೀವು?" ಹೆಂಡತಿ ಅಕ್ಕು ದಂಡೆಯಿಂದ ಕೂಗಿದಳು. "ಸಡಿಲ ಬಿಡಿ! ನಡುವೆ ಎಂತಾದ್ರೂ ಹಾಕಿ!"

ಹಗ್ಗ ಸಡಿಲಿಸಿ ಪಾಚಿ ಹಾಕಿದ, ಜಾರಿ ನೀರಿಗೆ ಬಿತ್ತು. ಒಣಹುಲ್ಲು ಹಾಕಿದ, ಪುಡಿಯಾಗಿ ಹಾರಿತು. ಗಾಯ ಮೂರು ಬೆರಳಾಯಿತು. ಇನ್ನೊಂದು ಬೆರಳು ಸವೆದರೆ ನೀರು ಒಳಗೆ.

ಅಕ್ಕು ಒಣಹಾಕಿದ್ದ ಬಲೆಯತ್ತ ನೋಡಿದಳು. ಎರಡು ಬೇಸಿಗೆ ಕೂತು ಅವಳೇ ಹೆಣೆದ ಬಲೆ. ತಂದು ಗಂಡನ ಕೈಗಿಟ್ಟಳು.

"ಮಡಚಿ ಹಗ್ಗಕ್ಕೇ ಸುತ್ತಿ, ದೋಣಿಗಲ್ಲ. ಹಗ್ಗ ಹೋದಲ್ಲಿ ಅದೂ ಹೋಗ್ಲಿ."

ಸುತ್ತಿದ. ಕರ್ ಕರ್ ನಿಂತಿತು. ಕೊಗ್ಗ ಉಸಿರು ಬಿಡುವಷ್ಟರಲ್ಲಿ ದಂಡೆಯಿಂದ ಕಿರುಚಿದ್ದು ಕೇಳಿಸಿತು.

"ದೋಣಿಗೆ ಮೆತ್ತೆ ಹಾಕಿದೆ, ನನ್ನ ಸೊಂಟಕ್ಕೆ?" ಎಂದಳು ತೆಂಗು. ಹಗ್ಗದ ಆ ಕೊನೆ ಅವಳನ್ನು ಕೊಯ್ಯುತ್ತಿತ್ತು.

"ನೀನು ಮರ, ತಡ್ಕೋ."

"ತಡ್ಕೊಳ್ತೇನೆ. ಮುರಿದರೆ ಮಾತ್ರ ಒಬ್ಬಳೇ ಬೀಳೂದಿಲ್ಲ. ನಿನ್ನ ಹಗ್ಗ ಹಿಡ್ಕೊಂಡೇ ಬೀಳ್ತೇನೆ."

ಮಾತು ನಿಜ. ಮರ ಹೋದರೆ ದೋಣಿ ಬಂಡೆಗೆ. ಅರ್ಧ ಬಲೆಯಲ್ಲಿ ಮೀನು ನಿಲ್ಲುವುದಿಲ್ಲವೆಂಬುದೂ ಅಷ್ಟೇ ನಿಜ. ಕೊಗ್ಗ ಅಕ್ಕುವಿನ ಮುಖ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಕತ್ತಿ ತೆಗೆದು ಬಲೆಯನ್ನು ಎರಡು ಮಾಡಿದ. ಅರ್ಧ ದೋಣಿಯ ಅಂಚಿನ ಬಳಿ ಹಗ್ಗಕ್ಕೆ, ಅರ್ಧ ತೆಂಗಿನ ಸೊಂಟಕ್ಕೆ.

ಸಂಜೆಗೆ ಗಾಳಿ ಸುಸ್ತಾಯಿತು. ದೋಣಿ ಉಳಿಯಿತು, ಉಪ್ಪು ಒಣಗಿಯೇ ಇತ್ತು. ಕೊಗ್ಗ ಉಳಿದರ್ಧ ಬಲೆ ಬಿಚ್ಚಲು ಹೋದರೆ ಅದು ಸೊಂಟದಲ್ಲಿಲ್ಲ! ತೆಂಗು ಅದನ್ನು ಆಗಲೇ ತಲೆಯ ಹತ್ತಿರ ಏರಿಸಿಕೊಂಡಿದ್ದಳು.

"ಕೊಡು, ಅದು ನಮ್ಮ ಬಲೆ."

"ಅರ್ಧದಲ್ಲಿ ಎಂತ ಹಿಡೀತಿ, ಏಡಿಯಾ? ಗಾಳಿ ಬಂದಾಗೆಲ್ಲ ಗರಿಗಳು ನನ್ನ ಕುತ್ತಿಗೆ ಉಜ್ಜುತ್ತವೆ. ನನಗೂ ನಡುವೆ ಮೆತ್ತೆ ಬೇಕು."

"ಬದಲಿಗೆ?"

"ಪ್ರತಿ ಗರಿಗೂ ಇಂಥದ್ದೇ ಒಂದು ಹೆಣೀತೇನೆ. ಗರಿ ಒಣಗಿ ಬಿದ್ದಾಗ ನಿನಗೊಂದು ತುಂಡು, ಹಗ್ಗಕ್ಕೆ ಸುತ್ಕೋ."

ಕೊಗ್ಗ ಇನ್ನೂ ಚೌಕಾಶಿಗೆ ಬಾಯಿ ತೆರೆದ. ಅಕ್ಕು ಅವನ ತೋಳು ಜಗ್ಗಿದಳು. "ಒಪ್ಕೊಳ್ಳಿ ಸುಮ್ನೆ! ವರ್ಷಪೂರ್ತಿ ಬೀಳೂ ಮಾಲು."

ಅಂದಿನಿಂದ ತೆಂಗು ಹೆಣೆಯುತ್ತಲೇ ಇದ್ದಾಳೆ. ಅದಕ್ಕೇ ಮಗೂ, ತೆಂಗಿನ ತಲೆಯತ್ತ ಕಣ್ಣೆತ್ತಿದರೆ ಗರಿಗಳ ಬುಡದಲ್ಲಿ ಆ ಒರಟು ಕಂದು ಜಾಲರಿ ನಿನಗೆ ಇವತ್ತಿಗೂ ಕಾಣುತ್ತದೆ.