ಬಾಲಕ್ಕೂ ಬೆಲೆ

ಆ ವರ್ಷ ಹಡಗಿನಿಂದ ಹದಿನೇಳು ಕುದುರೆಗಳು ಇಳಿದವು. ಜೊತೆಗೆ ಮೂರು ಬಾಲಗಳು.

ಬಾಲಗಳಿಗೆ ಉಪ್ಪು ಹಚ್ಚಿ ಗೋಣಿಯಲ್ಲಿ ಕಟ್ಟಿದ್ದರು. ಕಡಲಿನಲ್ಲಿ ಸತ್ತ ಕುದುರೆಗಳಿಗೆ ಅವೇ ಸಾಕ್ಷಿ.

ಹೊಳೆ ಕಡಲು ಸೇರುವ ದಂಡೆಯಲ್ಲಿ ಮಸಣಯ್ಯ ಗುರುಗಳ ಲಾಯವಿತ್ತು. ಅರಬರ ನಾಡಿನಿಂದ ಬರುವ ಕುದುರೆಗಳನ್ನು ಪರೀಕ್ಷಿಸಿ ಅರಸನ ಪರವಾಗಿ ಬೆಲೆ ಕಟ್ಟುವುದು ಅವರ ಕೆಲಸ. ಆ ವಿದ್ಯೆ ಕಲಿಯಲು ಸೋಯಿದೇವ ಆರು ವರ್ಷಗಳಿಂದ ಅವರ ಬಳಿ ಇದ್ದ.

ಗುರುಗಳು ಹದಿನೇಳು ಕುದುರೆಗಳ ಹಲ್ಲು ನೋಡಿದರು. ಗೊರಸು ತಟ್ಟಿದರು. ಮೈಮೇಲಿನ ಸುಳಿಗಳನ್ನು ಎಣಿಸಿದರು. ಆಮೇಲೆ ವರ್ತಕ ಬುರ್ಹಾನನ ಎದುರು ಕೂತು, ವಸ್ತ್ರದ ಮರೆಯಲ್ಲಿ ಅವನ ಬೆರಳು ಹಿಡಿದೇ ಗುಟ್ಟಾಗಿ ಬೆಲೆ ಮುಗಿಸಿದರು.

ಕೊನೆಗೆ ಬಾಲಗಳನ್ನು ಒಂದೊಂದಾಗಿ ಎತ್ತಿ ನೋಡಿದರು.

“ಇವಕ್ಕೂ ಅದೇ ಬೆಲೆ,” ಎಂದರು.

ವರ್ತಕ ಹೋದ ಮೇಲೆ ಸೋಯಿದೇವ ಕೇಳಿದ: “ಗುರುಗಳೇ, ಸತ್ತ ಕುದುರೆಗೂ ಬದುಕಿದ ಕುದುರೆಗೂ ಒಂದೇ ಬೆಲೆಯೇ?”

“ಕಟ್ಟಳೆ ಹಾಗಿದೆ.”

“ಬಾಲದ ಮೇಲೆ ಕೂತು ಯಾರಾದರೂ ಯುದ್ಧಕ್ಕೆ ಹೋಗುತ್ತಾರೆಯೇ?”

“ಇಲ್ಲ.”

“ಮತ್ತೇಕೆ ಕೊಡುತ್ತೀರಿ?”

ಗುರುಗಳು ಒಂದು ಕುದುರೆಯ ಕಾಲು ಮಡಚಿ, ಗೊರಸಿನಲ್ಲಿ ಸಿಕ್ಕಿದ್ದ ಕಲ್ಲನ್ನು ತೆಗೆಯುತ್ತ ಕೂತರು.

ಸೋಯಿದೇವ ಲಾಯದ ಹಿಂದೆ ಹೋದ. ಅಲ್ಲಿ ಫರಾಜ್ ಹುಲ್ಲು ಹಾಕುತ್ತಿದ್ದ.

ಫರಾಜ್ ಹಬಶಿ ನಾಡಿನವನು. ಐವತ್ತು ದಾಟಿದ ಆಳು. ಬುರ್ಹಾನ್ ಅವನನ್ನು ಹಣ ಕೊಟ್ಟು ಕೊಂಡಿದ್ದ. ಪ್ರತಿ ವರ್ಷ ಕುದುರೆಗಳ ಜೊತೆ ಬಂದು, ಹಡಗು ಮರಳಲು ಗಾಳಿ ತಿರುಗುವವರೆಗೆ ಲಾಯದಲ್ಲೇ ಇರುತ್ತಿದ್ದ. ಸೋಯಿದೇವನಿಗೆ ಸವಾರಿ ಕಲಿಸಿದವನು ಅವನೇ.

“ಬಾ ಸೋಯಪ್ಪ. ಇನ್ನೂ ಹಲ್ಲೇ ಎಣಿಸುತ್ತಿದ್ದೀಯಾ? ನನ್ನವೂ ನೋಡು. ಎಷ್ಟು ಬಾಳುತ್ತೇನೆ ಹೇಳು.”

“ಉಳಿದಿರುವುದೇ ಆರು. ಪುಕ್ಕಟೆ ಕೊಟ್ಟರೂ ನನಗೆ ಬೇಡ.”

“ಆರಲ್ಲ, ಏಳು. ಹೀಗೆ ಎಣಿಸಿದರೆ ನಿನ್ನ ಅರಸ ಮುಳುಗಿದ ಹಾಗೆಯೇ!”

ಇಬ್ಬರೂ ನಕ್ಕರು. ಆಮೇಲೆ ಸೋಯಿದೇವ ಕೇಳಿದ: “ಆ ಮೂರು ಹೇಗೆ ಸತ್ತವು?”

ಫರಾಜ್ ಹುಲ್ಲಿನ ಕಟ್ಟು ಕೆಳಗಿಟ್ಟ.

“ಬಾಯಾರಿ.”

“ನೀರಿರಲಿಲ್ಲವೇ?”

“ಇತ್ತು. ಹದಿನೇಳಕ್ಕೆ ಸಾಲುವಷ್ಟು. ಗಾಳಿ ನಿಂತ ದಿನ ಯಜಮಾನರು ಬಂದು ಮೂರನ್ನು ತೋರಿಸಿದರು. ಇವಕ್ಕೆ ಇನ್ನು ಹಾಕಬೇಡಿ ಎಂದರು.”

“ನೀವ್ಯಾರೂ ಹಾಕಲಿಲ್ಲ.”

“ಇಲ್ಲ. ಅವುಗಳಲ್ಲಿ ಒಂದು ಬೂದು ಬಣ್ಣದ ಹೆಣ್ಣು ಕುದುರೆ. ನನ್ನ ಬಾಯಿಯ ಹತ್ತಿರ ಮೂತಿ ತಂದು ಮೂಸುತ್ತಿತ್ತು. ನಾನು ನೀರು ಕುಡಿದು ಬಂದಿದ್ದು ಅದಕ್ಕೆ ಗೊತ್ತಾಗುತ್ತಿತ್ತು.”

ಮರುದಿನ ಸೋಯಿದೇವ ವರ್ತಕನನ್ನು ಹುಡುಕಿಕೊಂಡು ಹೋದ.

“ಹದಿನೇಳನ್ನೇ ಹತ್ತಿಸಿದರೆ ಎಲ್ಲಕ್ಕೂ ನೀರು ಸಾಲುತ್ತದಲ್ಲ?”

“ಇಪ್ಪತ್ತಕ್ಕೆ ಒಂದು ಕಡಿಮೆ ಇದ್ದರೂ ನಿಮ್ಮವರು ಮಾತಿಗೇ ಕೂರುವುದಿಲ್ಲ. ಪಕ್ಕದ ಅರಸ ಇಪ್ಪತ್ತು ಕೊಂಡ ಎಂಬುದೊಂದೇ ಅವರ ಚಿಂತೆ.”

“ನೀರನ್ನಾದರೂ ಹೆಚ್ಚು ತುಂಬಿಸಿ.”

“ಎಲ್ಲಿ ತುಂಬಿಸಲಿ ಸ್ವಾಮಿ? ಅದು ಹಡಗು, ಕೆರೆಯಲ್ಲ.”

ಸೋಯಿದೇವ ನಾಲ್ಕು ದಿನ ಯೋಚಿಸಿದ. ಐದನೆಯ ದಿನ ಗುರುಗಳ ಮುಂದೆ ಕೂತ.

“ಸತ್ತರೂ ಅದೇ ಬೆಲೆ ಸಿಗುತ್ತದೆ. ಅದಕ್ಕೇ ವರ್ತಕ ಮೂರನ್ನು ಸಾಯಲು ಬಿಡುತ್ತಾನೆ. ಬಾಲಕ್ಕೆ ಬೆಲೆ ಇಲ್ಲ ಎಂದರೆ ಹೇಗಾದರೂ ಬದುಕಿಸಿ ತರುತ್ತಾನೆ. ಅರಸನ ಕುದುರೆಗಳ ಅಧಿಕಾರಿ ಸಾಹಣಿಯವರಿಗೆ ಓಲೆ ಬರೆಯುತ್ತೇನೆ. ಅಪ್ಪಣೆ ಕೊಡಿ.”

“ಹೇಗಾದರೂ ಎಂದೆ. ಹೇಗೆ?”

“ಅದನ್ನು ವರ್ತಕ ನೋಡಿಕೊಳ್ಳುತ್ತಾನೆ.”

ಗುರುಗಳು ಎದ್ದು ಓಲೆಗರಿ ತಂದುಕೊಟ್ಟರು. ಸೋಯಿದೇವ ಬರೆದು ಮುಗಿಸಿದ ಮೇಲೆ, ಓದದೆಯೇ ತಮ್ಮ ಮುದ್ರೆ ಒತ್ತಿದರು.

ಹಡಗು ಹೊರಡುವ ಮೊದಲೇ ಸಾಹಣಿಯ ಉತ್ತರ ಬಂತು. ಇನ್ನು ಮುಂದೆ ಜೀವಂತ ಕುದುರೆಗೆ ಮಾತ್ರ ಬೆಲೆ.

ಬುರ್ಹಾನ್ ಆ ಓಲೆಯನ್ನು ಎರಡು ಸಲ ಓದಿಸಿಕೊಂಡ. ಆಮೇಲೆ ಹಡಗು ಹತ್ತಿದ.

ಸೋಯಿದೇವ ನೀರಿನ ಅಂಚಿನವರೆಗೆ ಹೋಗಿ ಫರಾಜನಿಗೆ ಹೇಳಿದ: “ಬರುವ ವರ್ಷ ಒಂದು ಕುದುರೆಯೂ ಸಾಯುವುದಿಲ್ಲ. ನೋಡುತ್ತಿರು.”

“ನಿನ್ನ ಮಾತು ನಿಜವಾಗಲಿ ಸೋಯಪ್ಪ,” ಎಂದ ಫರಾಜ್.

ಮರುವರ್ಷ ಇಪ್ಪತ್ತು ಕುದುರೆಗಳು ಇಳಿದವು.

ಸೋಯಿದೇವ ಎರಡು ಸಲ ಎಣಿಸಿದ. ಇಪ್ಪತ್ತು. ಪಕ್ಕೆಲುಬು ಕಾಣುತ್ತಿದ್ದವು, ಕಾಲು ನಡುಗುತ್ತಿದ್ದವು. ಆದರೆ ಎಲ್ಲವೂ ಬದುಕಿದ್ದವು.

ಅವನು ಫರಾಜನನ್ನು ಹುಡುಕಿದ.

ಕುದುರೆಗಳ ಜೊತೆ ಒಂಬತ್ತು ಆಳುಗಳು ಬರುವುದು ವಾಡಿಕೆ. ಆ ದಿನ ಇಳಿದವರು ಇಬ್ಬರು. ಅವರಲ್ಲಿ ಒಬ್ಬನನ್ನು ಹೊತ್ತು ಇಳಿಸಿದರು. ಇನ್ನೊಬ್ಬ ಮರಳಿನ ಮೇಲೆ ಕುಕ್ಕರಿಸಿದ.

“ಫರಾಜ್ ಎಲ್ಲಿ?”

ಆ ಆಳು ಕಡಲಿನ ಕಡೆ ಕೈ ತೋರಿಸಿದ.

ಸೋಯಿದೇವ ಓಡಿಹೋಗಿ ಬುರ್ಹಾನನ ತೋಳು ಹಿಡಿದ. “ಏನು ಮಾಡಿದಿರಿ?”

“ಹನ್ನೆರಡು ದಿನ ಗಾಳಿ ಬೀಸಲಿಲ್ಲ.”

“ಕುದುರೆಗಳು ಹೇಗೆ ಉಳಿದವು?”

“ಅವಕ್ಕೆ ನೀರು ಕೊಟ್ಟೆ. ನಾವಿಕರಿಗೂ ಕೊಡಲೇಬೇಕಾಯಿತು. ಹಡಗು ನಡೆಸಬೇಕಲ್ಲ.”

“ಆಳುಗಳಿಗೆ?”

ಬುರ್ಹಾನ್ ಅವನ ಮುಖ ನೋಡಲಿಲ್ಲ. “ಮೂವರು ಕುಡಿಯುವ ನೀರಿನಲ್ಲಿ ಒಂದು ಕುದುರೆ ಜೀವ ಹಿಡಿದುಕೊಳ್ಳುತ್ತದೆ. ಒಂದು ಕುದುರೆಯ ಬೆಲೆಗೆ ಆರು ಆಳುಗಳು ಸಿಗುತ್ತಾರೆ. ನೀವು ಲೆಕ್ಕ ಬಲ್ಲವರು ಸ್ವಾಮಿ. ನನ್ನನ್ನೇಕೆ ಕೇಳುತ್ತೀರಿ?”

“ಅವನು ಇಪ್ಪತ್ತು ವರ್ಷ ನಿಮ್ಮ ಜೊತೆಗಿದ್ದ.”

“ಇಪ್ಪತ್ತಮೂರು,” ಎಂದ ಬುರ್ಹಾನ್. “ಜೀವಂತ ಕುದುರೆ ಬೇಕೆಂದು ಓಲೆ ಕಳಿಸಿದಿರಿ. ತಂದಿದ್ದೇನೆ. ತೋಳು ಬಿಡಿ.”

ಸೋಯಿದೇವ ತೋಳು ಬಿಟ್ಟ. ಮರಳಿನ ಮೇಲಿದ್ದ ಆಳಿನ ಬಳಿಗೆ ಹಿಂದಿರುಗಿದ.

“ಫರಾಜ್ ಏನಾದರೂ ಹೇಳಿದನೇ?”

“ಇಪ್ಪತ್ತೂ ಇವೆ ಅಂತ ಸೋಯಪ್ಪನಿಗೆ ಹೇಳು ಅಂದ.”

“ಅಷ್ಟೇ? ಬೈಯಲಿಲ್ಲವೇ?”

“ನಾಲಿಗೆ ಊದಿತ್ತು. ಅಷ್ಟು ಹೇಳಲು ಅರ್ಧ ದಿನ ಬೇಕಾಯಿತು.”

ಮೂರು ದಿನ ಸೋಯಿದೇವ ಊಟ ಮುಟ್ಟಲಿಲ್ಲ. ಕುದುರೆಗಳ ಆರೈಕೆಯನ್ನೆಲ್ಲ ಗುರುಗಳು ಒಬ್ಬರೇ ಮಾಡಿದರು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಲಾಯದ ಬಾಗಿಲಲ್ಲಿ ಬಂದು ನಿಂತ.

“ನಿಮಗೆ ಗೊತ್ತಿತ್ತು,” ಎಂದ.

“ಗೊತ್ತಿತ್ತು.”

“ಹೇಗೆ?”

“ನಾನು ಇಲ್ಲಿಗೆ ಬಂದಾಗ ಬದುಕಿದ ಕುದುರೆಗೆ ಮಾತ್ರ ಬೆಲೆಯಿತ್ತು. ಒಂದು ವರ್ಷ ಆಳುಗಳಲ್ಲಿ ಒಬ್ಬನೂ ಇಳಿಯಲಿಲ್ಲ. ಬಾಲಕ್ಕೂ ಬೆಲೆ ಕೊಡಿ ಎಂದು ಆಗಿನ ಸಾಹಣಿಗೆ ಬರೆದೆ.”

“ಆ ಕಟ್ಟಳೆ ನಿಮ್ಮದೇ?”

“ನನ್ನದೇ. ಆಮೇಲೆ ಪ್ರತಿ ವರ್ಷ ಬಾಲಗಳನ್ನು ಎತ್ತಿ ನೋಡಿದೆ.”

“ನನಗೇಕೆ ಹೇಳಲಿಲ್ಲ?”

ಗುರುಗಳ ದನಿ ಇಳಿಯಿತು. “ನೋಡಿ ನೋಡಿ ಸಾಕಾಗಿತ್ತು. ನನಗೆ ಕಾಣದ ದಾರಿ ನಿನಗೆ ಕಂಡಿರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.”

ಸೋಯಿದೇವ ಗೋಡೆಗೆ ಒರಗಿದ.

“ಆಳುಗಳ ಜೀವಕ್ಕೂ ಬೆಲೆ ಕಟ್ಟಿ ಎಂದು ಬರೆದರೆ?”

“ಬರೆದಿದ್ದೆ. ಅರಸರು ಕೊಳ್ಳುವುದು ಕುದುರೆಯನ್ನು ಎಂದು ಒಂದು ಸಾಲಿನ ಉತ್ತರ ಬಂತು.”

“ಕೊಳ್ಳುವುದನ್ನೇ ನಿಲ್ಲಿಸಿ ಎಂದರೆ?”

“ಹಾಗೆಂದವರೊಬ್ಬರಿದ್ದರು. ನನ್ನ ಗುರುಗಳು. ಅವರನ್ನು ಕೆಲಸದಿಂದ ತೆಗೆದು ನನ್ನನ್ನು ಇಲ್ಲಿ ಕೂರಿಸಿದರು.”

ಒಳಗೆ ಕುದುರೆಗಳು ನೀರು ಕುಡಿಯುವ ಸದ್ದು ಕೇಳುತ್ತಿತ್ತು.

“ಹಾಗಾದರೆ ಹಳೆಯ ಕಟ್ಟಳೆಯೇ ಇರಲಿ ಎಂದು ಬರೆಯುತ್ತೇನೆ,” ಎಂದ ಸೋಯಿದೇವ. “ಅದರಲ್ಲಿ ಮನುಷ್ಯರಾದರೂ ಉಳಿಯುತ್ತಾರೆ.”

ಗುರುಗಳು ಅವನ ಕೈ ಹಿಡಿದು ಒಳಗೆ ಕರೆದೊಯ್ದರು. ಇಪ್ಪತ್ತು ಕುದುರೆಗಳು ತಲೆ ಎತ್ತಿ ಅವರ ಕಡೆ ತಿರುಗಿದವು.

“ಓಲೆಯನ್ನು ನಾನೇ ಬರೆಯುತ್ತೇನೆ,” ಎಂದರು ಗುರುಗಳು. “ಹಳೆಯ ಕಟ್ಟಳೆ ಇದ್ದಿದ್ದರೆ ಇವುಗಳಲ್ಲಿ ಮೂರು ಬರೀ ಬಾಲವಾಗಿ ಬರುತ್ತಿದ್ದವು. ಯಾವ ಮೂರು, ನೀನು ತೋರಿಸು.”